‘ವಯಸ್ಸಿಗೆ ಸಹಜ’ ಎನ್ನುವುದನ್ನು ನಾನು ಬಿಟ್ಟ ಮೇಲೆ

ಋತುಬಂಧದ ಹೊಸ್ತಿಲಲ್ಲಿರುವ ಮಹಿಳೆಯರಿಗೆ ಆ ಹಂತದ ಬಗ್ಗೆ ತಿಳಿಸಿಕೊಡುವ ಕೆಲಸವನ್ನು ಶುಶ್ರೂಷಕಿಯಾಗಿ ನಾನು ಹಲವು ವರ್ಷಗಳಿಂದ ಮಾಡುತ್ತಿದ್ದೇನೆ. ಮೊದಲ ತರಗತಿಗೆ ದೊಡ್ಡ ಚಿತ್ರಪಟವೊಂದನ್ನು ಬರೆದುಕೊಂಡು ಹೋಗಿದ್ದೆ. ಅಂಡಾಶಯ, ಗರ್ಭಕೋಶ, ಏರಿಳಿಯುವ ಈಸ್ಟ್ರೋಜನ್ ಎಂಬ ಹೆಣ್ಣು ಹಾರ್ಮೋನಿನ ರೇಖೆ ಎಲ್ಲವೂ ಅದರಲ್ಲಿದ್ದವು. ನಲವತ್ತು ನಿಮಿಷ ಮಾತನಾಡಿ, ಪ್ರಶ್ನೆಗಳಿವೆಯೇ ಎಂದು ಕೇಳಿದೆ. ಯಾರೂ ಬಾಯಿ ಬಿಡಲಿಲ್ಲ. ಚಿತ್ರಪಟವನ್ನು ಸುರುಳಿ ಸುತ್ತುತ್ತಿದ್ದಾಗ ಹಿಂದಿನ ಸಾಲಿನ ಒಬ್ಬರು ಹತ್ತಿರ ಬಂದು, ತಗ್ಗಿದ ದನಿಯಲ್ಲಿ, “ನನಗೇನಾದರೂ ಮರೆವಿನ ರೋಗ ಶುರುವಾಗಿದೆಯೇ?” ಎಂದರು. ಬೆಳಗಿನ ಜಾವ ಮೂರಕ್ಕೆ ಎದೆ ಢವಢವ ಹೊಡೆದುಕೊಂಡು ಎಚ್ಚರವಾಗುತ್ತದೆ, ದಿನವೂ ಬಳಸುವ ವಸ್ತುವಿನ ಹೆಸರೇ ನಾಲಿಗೆಗೆ ಬರುವುದಿಲ್ಲ, ಮುಟ್ಟು ಮಾತ್ರ ತಿಂಗಳು ತಿಂಗಳು ಆಗುತ್ತಲೇ ಇದೆ ಎಂದರು. ಅಷ್ಟು ಹೊತ್ತು ನಾನು ಹೇಳಿದ್ದು ತಮ್ಮದೇ ಕಥೆ ಎಂದು ಅವರಿಗೆ ಹೊಳೆದೇ ಇರಲಿಲ್ಲ.

ಆ ದಿನದಿಂದ ಚಿತ್ರಪಟ ಮನೆಯಲ್ಲೇ ಉಳಿಯಿತು. ಈಗ ತರಗತಿ ಶುರುವಾಗುವುದು ಒಂದು ಹಾಳೆಯಿಂದ. ಅದರಲ್ಲಿ ಇಪ್ಪತ್ತು ಸಾಲುಗಳಿವೆ. ರಾತ್ರಿ ಬೆವರಿ ಬಟ್ಟೆ ಬದಲಿಸಿದ್ದೇನೆ. ಸಣ್ಣ ಮಾತಿಗೂ ಅಳು ಬರುತ್ತದೆ. ಕೀಲುಗಳು ಬೆಳಿಗ್ಗೆ ಬಿಗಿಯಾಗಿರುತ್ತವೆ. ಮೂತ್ರ ತಡೆಯಲು ಆಗುವುದಿಲ್ಲ. ಸಂಭೋಗ ನೋಯುತ್ತದೆ. ಹೆಸರು ಬರೆಯದೆ ಗುರುತು ಹಾಕಿ ಮಡಚಿ ಕೊಡುತ್ತಾರೆ. ನಾನು ಅಲ್ಲೇ ಎಣಿಸಿ ಓದುತ್ತೇನೆ. “ನಿದ್ದೆ ಕೆಟ್ಟವರು ಹದಿನೆಂಟು ಜನ” ಎಂದಾಗ, ಅದುವರೆಗೆ ನೆಲ ನೋಡುತ್ತಿದ್ದವರು ತಲೆಯೆತ್ತಿ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಆಮೇಲೆ ಪ್ರಶ್ನೆಗಳಿಗೆ ಬರವಿರುವುದಿಲ್ಲ.

ಮೊದಲು ಬರುವ ಪ್ರಶ್ನೆ ಮೈಬಿಸಿಯದೇ, ಅಂದರೆ ಇದ್ದಕ್ಕಿದ್ದಂತೆ ಮೈ ಕಾವೇರಿ ಬೆವರುವ ‘ಹಾಟ್ ಫ್ಲಾಶ್’ನದು. ಮೆದುಳಿನ ಹೈಪೊಥಾಲಮಸ್ ದೇಹದ ಉಷ್ಣತೆಯನ್ನು ಕಾಯುತ್ತದೆ. ಈಸ್ಟ್ರೋಜನ್ ಹದ ತಪ್ಪಿದಾಗ ಅದು ಸಹಿಸುವ ಬಿಸಿಯ ಅಂತರ ಕಿರಿದಾಗುತ್ತದೆ. ಮೈ ತುಸುವೇ ಕಾವೇರಿದರೂ ಅದು ಗಾಬರಿಗೊಂಡು ಚರ್ಮದ ರಕ್ತನಾಳಗಳನ್ನು ಹಿಗ್ಗಿಸಿ ಬೆವರು ಸುರಿಸುತ್ತದೆ. ಸಾಮಾನ್ಯವಾಗಿ 1ರಿಂದ 5 ನಿಮಿಷ, ಆಮೇಲೆ ಚಳಿ. ಒಂದೆರಡು ವರ್ಷದಲ್ಲಿ ಹೋಗುತ್ತದೆ ಎಂದು ಮೊದಮೊದಲು ಸಮಾಧಾನ ಹೇಳುತ್ತಿದ್ದೆ. ಅದು ತಪ್ಪು. ನಡುವಯಸ್ಸಿನ ಮಹಿಳೆಯರ ಆರೋಗ್ಯ ಕುರಿತ ಅಮೆರಿಕದ ಸ್ವಾನ್ ಅಧ್ಯಯನ 2015ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಪದೇ ಪದೇ ಮೈಬಿಸಿ ಕಾಡುವವರಲ್ಲಿ ಅದು ಉಳಿಯುವ ಮಧ್ಯಮ ಅವಧಿ 7.4 ವರ್ಷ, ಅಂದರೆ ಅರ್ಧದಷ್ಟು ಜನರಿಗೆ ಅದಕ್ಕಿಂತಲೂ ಹೆಚ್ಚು. ಇಷ್ಟು ಕಾಲ ಹಲ್ಲು ಕಚ್ಚಿಕೊಂಡಿರಿ ಎಂದು ಯಾರಿಗೂ ಹೇಳಲು ನನಗೆ ಮನಸ್ಸು ಬರುವುದಿಲ್ಲ.

ನನ್ನ ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಧೈರ್ಯ ತುಂಬುವ ಉತ್ಸಾಹದಲ್ಲಿ “ಇದೆಲ್ಲ ಈ ವಯಸ್ಸಿಗೆ ಸಹಜ” ಎಂದು ಮಾತು ಮಾತಿಗೂ ಹೇಳುತ್ತಿದ್ದೆ. ಅದನ್ನು ಕೇಳಿಸಿಕೊಂಡು ಹೋದ ಒಬ್ಬರು, ಗಂಟೆಗೊಂದು ಪ್ಯಾಡ್ ತೊಯ್ಯುವಷ್ಟು ರಕ್ತ ಹೋಗುತ್ತಿದ್ದರೂ ಆರು ತಿಂಗಳು ಸುಮ್ಮನಿದ್ದರು. ಮತ್ತೆ ಕಂಡಾಗ ಅವರ ಕಣ್ಣಿನ ಒಳರೆಪ್ಪೆ ಕಾಗದದಂತೆ ಬೆಳ್ಳಗಿತ್ತು, ನಾಲ್ಕು ಮೆಟ್ಟಿಲು ಹತ್ತಿ ಗೋಡೆ ಹಿಡಿದು ನಿಂತಿದ್ದರು. ಗರ್ಭಕೋಶದಲ್ಲಿ ಫೈಬ್ರಾಯ್ಡ್ ಗಡ್ಡೆಯಿತ್ತು, ಹಿಮೋಗ್ಲೋಬಿನ್ 7ಕ್ಕೆ ಇಳಿದಿತ್ತು. “ನೀವೇ ಸಹಜ ಎಂದಿರಲ್ಲ” ಎಂದರು. ಆ ಮಾತು ಇವತ್ತಿಗೂ ನನ್ನ ಎದೆಯಲ್ಲಿದೆ.

ಈಗ ಸಹಜ ಯಾವುದು, ವೈದ್ಯರಿಗೆ ತೋರಿಸಬೇಕಾದದ್ದು ಯಾವುದು ಎಂದು ಬಿಡಿಸಿ ಹೇಳುತ್ತೇನೆ. ಒಂದು ಮುಟ್ಟಿಗೂ ಮುಂದಿನದಕ್ಕೂ ಇರುವ ಅಂತರ ಆಗಾಗ 7 ದಿನ ಅಥವಾ ಅದಕ್ಕಿಂತ ಹೆಚ್ಚು ಹಿಂದೆಮುಂದೆ ಆಗತೊಡಗಿದರೆ ಬದಲಾವಣೆ ಆರಂಭವಾಗಿದೆ ಎಂದು ಲೆಕ್ಕ. 60 ದಿನ ಮುಟ್ಟಿಲ್ಲದೆ ಕಳೆದರೆ ಕೊನೆಯ ಹಂತ ಹತ್ತಿರವಾಗಿದೆ. ಪೂರ್ತಿ 12 ತಿಂಗಳು ಮುಟ್ಟೇ ಆಗದಿದ್ದರೆ ಋತುಬಂಧ. ಆದರೆ ಒಂದೆರಡು ಗಂಟೆಗೇ ಪ್ಯಾಡ್ ತೊಯ್ದರೆ, ದೊಡ್ಡ ಹೆಪ್ಪುಗಳು ಹೋದರೆ, ಸ್ರಾವ ಏಳು ದಿನ ದಾಟಿದರೆ, ಎರಡು ಮುಟ್ಟುಗಳ ನಡುವೆ ಅಥವಾ ಸಂಭೋಗದ ನಂತರ ರಕ್ತ ಕಂಡರೆ ಕಾಯಬಾರದು. 12 ತಿಂಗಳು ಕಳೆದ ಮೇಲೆ ಒಂದು ಹನಿ ಕಂಡರೂ ತೋರಿಸಲೇಬೇಕು.

ಇದಕ್ಕೆಲ್ಲ ನಾನು ನೆಚ್ಚಿಕೊಂಡಿರುವುದು ಅಂಗೈಯಗಲದ ಒಂದು ಪುಸ್ತಕವನ್ನು. ದಿನಕ್ಕೊಂದು ಸಾಲು ಸಾಕು: ಮುಟ್ಟು, ನಿದ್ದೆ, ಬಿಸಿ, ಮನಸ್ಸು. ಮೂರು ತಿಂಗಳು ಬರೆದರೆ, ವೈದ್ಯರ ಮುಂದೆ ಕುಳಿತಾಗ “ಏನೋ ಆಗುತ್ತಿದೆ” ಎಂದು ತಡವರಿಸಬೇಕಾಗುವುದಿಲ್ಲ. 45 ದಾಟಿದವರಲ್ಲಿ ಈ ಬದಲಾವಣೆಯನ್ನು ಗುರುತಿಸಲು ಈ ಲಕ್ಷಣಗಳೇ ಸಾಮಾನ್ಯವಾಗಿ ಸಾಕು. ಅಂಡಾಶಯವನ್ನು ಪ್ರಚೋದಿಸುವ ಎಫ್‌ಎಸ್‌ಎಚ್ ಎಂಬ ಹಾರ್ಮೋನಿನ ಪ್ರಮಾಣ ದಿನದಿಂದ ದಿನಕ್ಕೆ ಏರಿಳಿಯುವುದರಿಂದ ಒಂದು ರಕ್ತಪರೀಕ್ಷೆ ದಾರಿ ತಪ್ಪಿಸಲೂಬಹುದು. ಥೈರಾಯ್ಡ್ ಮತ್ತು ರಕ್ತಹೀನತೆ ಇದೇ ವೇಷದಲ್ಲಿ ಬರುತ್ತವೆ. ಅವುಗಳ ಪರೀಕ್ಷೆ ಬೇಕೇ ಎಂದು ಕೇಳಿಕೊಳ್ಳಿ ಎನ್ನುತ್ತೇನೆ.

ಚಿಕಿತ್ಸೆಯ ಮಾತು ಬಂದಾಗ ಕೋಣೆಯಲ್ಲಿ ಭಯ ಸುಳಿಯುತ್ತದೆ. “ಹಾರ್ಮೋನ್ ತೆಗೆದುಕೊಂಡರೆ ಕ್ಯಾನ್ಸರ್ ಬರುತ್ತದಂತೆ.” ಈ ಭಯದ ಬೇರು 2002ರಲ್ಲಿದೆ. ಹಾರ್ಮೋನ್ ತೆಗೆದುಕೊಂಡವರಲ್ಲಿ ಸ್ತನ ಕ್ಯಾನ್ಸರ್ ಹೆಚ್ಚು ಕಂಡದ್ದರಿಂದ ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಅಧ್ಯಯನದ ಒಂದು ಭಾಗವನ್ನು ಆ ವರ್ಷ ಅರ್ಧಕ್ಕೇ ನಿಲ್ಲಿಸಲಾಯಿತು. ಅದರಲ್ಲಿದ್ದವರ ಸರಾಸರಿ ವಯಸ್ಸು 63 ಎಂಬುದು ಸುದ್ದಿಯ ಗದ್ದಲದಲ್ಲಿ ಹಲವರ ಕಿವಿಗೆ ಬೀಳಲೇ ಇಲ್ಲ. ನಂತರದ ವಿಶ್ಲೇಷಣೆಗಳಿಂದ ತಿಳಿದದ್ದು, 60 ದಾಟದ ಅಥವಾ ಮುಟ್ಟು ನಿಂತು 10 ವರ್ಷವಾಗದ, ಬೇರೆ ಅಡ್ಡಿಗಳಿಲ್ಲದ ಹೆಚ್ಚಿನವರಿಗೆ ಅಪಾಯಕ್ಕಿಂತ ಲಾಭವೇ ಹೆಚ್ಚು. ಸ್ತನ ಕ್ಯಾನ್ಸರ್ ಆದವರು, ರಕ್ತ ಹೆಪ್ಪುಗಟ್ಟುವ ತೊಂದರೆಯಿರುವವರ ಲೆಕ್ಕ ಬೇರೆ. ಗರ್ಭಕೋಶವಿರುವವರು ಈಸ್ಟ್ರೋಜನ್ ಜೊತೆಗೆ ಪ್ರೊಜೆಸ್ಟೋಜನ್ ಎಂಬ ಇನ್ನೊಂದು ಹಾರ್ಮೋನನ್ನೂ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ಗರ್ಭಕೋಶದ ಒಳಪದರ ಬೆಳೆದು ಕ್ಯಾನ್ಸರಿಗೆ ದಾರಿಯಾಗಬಹುದು. ತೆಗೆದುಕೊಳ್ಳಿ ಎಂದಾಗಲೀ ಬೇಡ ಎಂದಾಗಲೀ ನಾನು ಹೇಳುವುದಿಲ್ಲ. ಕೇಳಲು ಹೆದರಬೇಡಿ ಎನ್ನುತ್ತೇನೆ.

ಹಾರ್ಮೋನ್ ಬೇಡದವರಿಗೂ ದಾರಿಗಳಿವೆ. ಕೆಲವು ಖಿನ್ನತೆ ನಿವಾರಕ ಮಾತ್ರೆಗಳು ಸಣ್ಣ ಪ್ರಮಾಣದಲ್ಲೇ ಮೈಬಿಸಿಯನ್ನು ತಗ್ಗಿಸುತ್ತವೆ. ಯೋಚನೆ, ನಡವಳಿಕೆಗಳನ್ನು ಮಾತಿನ ಮೂಲಕ ತಿದ್ದಿಕೊಳ್ಳುವ ಅರಿವಿನ ವರ್ತನಾ ಚಿಕಿತ್ಸೆ (ಸಿಬಿಟಿ) ನಿದ್ದೆಗೂ ಆಗುತ್ತದೆ, ಬಿಸಿಯ ಕಾಟಕ್ಕೂ ಆಗುತ್ತದೆ. ವ್ಯಾಯಾಮದ ವಿಷಯದಲ್ಲಿ ನಾನು ಹುಷಾರಾಗಿ ಮಾತನಾಡುತ್ತೇನೆ. ಭಾರ ಎತ್ತುವ ವ್ಯಾಯಾಮ ಮೂಳೆ ಮತ್ತು ಸ್ನಾಯುಗಳಿಗೆ ಬೇಕೇ ಬೇಕು, ಏಕೆಂದರೆ ಮುಟ್ಟು ನಿಲ್ಲುವ ಆಸುಪಾಸಿನಲ್ಲಿ ಮೂಳೆ ಬೇಗ ಸವೆಯುತ್ತದೆ. ಆದರೆ ಅದರಿಂದ ಮೈಬಿಸಿ ನಿಲ್ಲುತ್ತದೆ ಎಂಬುದಕ್ಕೆ ಗಟ್ಟಿ ಆಧಾರವಿಲ್ಲ. ಇದನ್ನು ಮೊದಲೇ ಹೇಳದಿದ್ದರೆ, ತಿಂಗಳುಗಟ್ಟಲೆ ಬೆವರು ಹರಿಸಿದವಳು ತನ್ನ ಪ್ರಯತ್ನವೇ ಸಾಲದೇನೋ ಎಂದು ಕೊರಗುತ್ತಾಳೆ.

ಯೋನಿಯ ಶುಷ್ಕತೆಯ ಬಗ್ಗೆ ಬಾಯಿಬಿಟ್ಟು ಕೇಳುವವರು ತೀರಾ ಕಡಿಮೆ. ಹಾಳೆಯಲ್ಲಿ ಮಾತ್ರ ಗುರುತು ಬಿದ್ದಿರುತ್ತದೆ. ಹಾಗಾಗಿ ನಾನೇ ಎತ್ತುತ್ತೇನೆ, ಮೊಣಕಾಲಿನ ನೋವಿನ ಬಗ್ಗೆ ಹೇಳುವಷ್ಟೇ ಸಾಮಾನ್ಯ ದನಿಯಲ್ಲಿ. ಮೈಬಿಸಿ ಕಾಲಕ್ರಮೇಣ ತಣಿಯುತ್ತದೆ, ಇದು ತಾನಾಗಿ ವಾಸಿಯಾಗುವುದು ಅಪರೂಪ. ತೇವಕಾರಕಗಳಿವೆ, ಆ ಜಾಗಕ್ಕೆ ಮಾತ್ರ ಹಚ್ಚುವ ಕಡಿಮೆ ಪ್ರಮಾಣದ ಈಸ್ಟ್ರೋಜನ್ ಇದೆ. ಗರ್ಭನಿರೋಧಕವನ್ನು ಬೇಗ ಬಿಡಬಾರದು ಎಂಬುದನ್ನೂ ಇಲ್ಲಿಯೇ ಸೇರಿಸುತ್ತೇನೆ. ಕೊನೆಯ ಮುಟ್ಟಾದ ನಂತರ 50 ದಾಟಿದವರಿಗೆ 1 ವರ್ಷ, ಅದಕ್ಕಿಂತ ಚಿಕ್ಕವರಿಗೆ 2 ವರ್ಷ ಅದು ಬೇಕು.

ಮರೆವಿನ ರೋಗವೇ ಎಂದು ಕೇಳಿದ್ದ ಆ ಮಹಿಳೆ ಪುಸ್ತಕ ಬರೆದು ತಂದರು. ವೈದ್ಯರ ಬಳಿ ಹೋಗುವಾಗ ಜೊತೆಗೆ ಬನ್ನಿ ಎಂದರು, ಹೋದೆ. “ಕಳೆದ ತಿಂಗಳು ಹದಿನಾಲ್ಕು ರಾತ್ರಿ ಮೂರಕ್ಕೆ ಎದ್ದಿದ್ದೇನೆ. ಮುಟ್ಟಿಗೆ ಮುಂಚಿನ ವಾರದಲ್ಲೇ ಹೆಚ್ಚು” ಎಂದು ಬೆರಳಿಟ್ಟು ಓದಿದರು. ವೈದ್ಯರು ಪುಸ್ತಕವನ್ನು ತಮ್ಮ ಕಡೆಗೆ ತಿರುಗಿಸಿಕೊಂಡು ಮೊದಲ ಪುಟದಿಂದ ನೋಡತೊಡಗಿದರು. ನಾನು ಮಾತನಾಡುವ ಅಗತ್ಯವೇ ಬೀಳಲಿಲ್ಲ.