ಬೇರೆಯವರ ಜಗಳಕ್ಕೆ ನಮ್ಮ ಕಂಪ್ಯೂಟರ್ ನಿಲ್ಲಬಾರದು ಅಂದ್ರೆ

ಬೀದರಿನ ಹಳೆ ಊರಲ್ಲಿ ಚೌಬಾರಾದಿಂದ ಐದು ನಿಮಿಷ ನಡೆದರೆ ನನ್ನ ಅಂಗಡಿ. ಝೆರಾಕ್ಸ್, ಡಿಟಿಪಿ, ಆನ್‌ಲೈನ್ ಅರ್ಜಿ. ಹತ್ತೊಂಬತ್ತು ವರ್ಷದಿಂದ ಇದೇ ಕೆಲಸ. ಮೊದಲೆಲ್ಲ ಗಿರಾಕಿಗಳು ‘ಅಕ್ಕಾ, ಇದು ಫ್ರೀ ಅದನ್ರಿ?’ ಅಂತ ಕೇಳುತ್ತಿದ್ದರು. ಈಗ ‘ಅಕ್ಕಾ, ಇದು ಯಾವ ದೇಶದ್ದು?’ ಅಂತಾರೆ.

ಹೋದ ತಿಂಗಳು ಡಿಗ್ರಿ ಓದುವ ಹುಡುಗನೊಬ್ಬ ಲ್ಯಾಪ್‌ಟಾಪ್ ತಂದು ಮುಂದಿಟ್ಟ. ‘ಈ ಸೆವೆನ್-ಝಿಪ್ ರಷ್ಯಾದಂವ ಮಾಡ್ಯಾನಂತ್ರಿ. ತೆಗದು ಬಿಡ್ಲೇನು?’ ಅಂದ. ಫೈಲುಗಳನ್ನು ಒತ್ತಿ ಚಿಕ್ಕದಾಗಿಸುವ ಸಾಫ್ಟ್‌ವೇರ್ ಅದು. ಅವನಿಗೆ ಹೇಳಿದ್ದನ್ನೇ ಇಲ್ಲಿ ಸಾವಕಾಶ ಬರೆಯುತ್ತಿದ್ದೇನೆ.

ಯುದ್ಧ ಮಾಡುವುದು ಸರ್ಕಾರಗಳು. ಸಾಫ್ಟ್‌ವೇರ್ ಬರೆದವನು ಅಲ್ಲಿ ಹುಟ್ಟಿದ ಅನ್ನೋದೊಂದೇ ಕಾರಣಕ್ಕೆ ಅವನನ್ನು ದೂರ ಇಡುವುದು ನನಗೆ ಒಪ್ಪಿಗೆ ಇಲ್ಲ. ಹಾಗಂತ ದೊಡ್ಡ ಕಂಪನಿ, ಒಳ್ಳೆ ಹೆಸರು ಅಂತ ಸುಮ್ನೆ ನಂಬಿ ಕೂರುವುದೂ ಸರಿಯಲ್ಲ. ಮೇಲಿಂದ ಆದೇಶ ಬಂದರೆ ಒಳ್ಳೆ ಕಂಪನಿಯೂ ಬಾಗಿಲು ಹಾಕಲೇಬೇಕು. 2025ರ ಜುಲೈನಲ್ಲಿ ತೈಲ ಕಂಪನಿ ನಯಾರಾ ಎನರ್ಜಿಗೆ ಆಗಿದ್ದು ಅದೇ. ಗುಜರಾತಿನ ವಾಡಿನಾರ್‌ನಲ್ಲಿ ಅವರ ರಿಫೈನರಿ ಇದೆ. ಅದರಲ್ಲಿ ರಷ್ಯಾದ ಕಂಪನಿ ರಾಸ್‌ನೆಫ್ಟ್‌ಗೆ ಅರ್ಧಕ್ಕೆ ಸ್ವಲ್ಪ ಕಡಿಮೆ ಪಾಲು. ಉಕ್ರೇನ್ ಯುದ್ಧದ ಕಾರಣಕ್ಕೆ ಯುರೋಪಿನ ಒಕ್ಕೂಟ ನಯಾರಾಗೆ ನಿರ್ಬಂಧ ಹಾಕಿತು. ಅದಾದ ಕೆಲವೇ ದಿನಕ್ಕೆ ಅಮೆರಿಕದ ಮೈಕ್ರೋಸಾಫ್ಟ್ ಅವರ ಇಮೇಲ್ ಮತ್ತು ಟೀಮ್ಸ್ ನಿಲ್ಲಿಸಿತು. ದುಡ್ಡು ಕಟ್ಟಿದ ಸೇವೆ, ಭಾರತದ ಕಂಪನಿ, ಭಾರತದ ನೌಕರರು. ದೆಹಲಿ ಹೈಕೋರ್ಟಿಗೆ ಹೋದ ಮೇಲೆ ತಿಂಗಳ ಕೊನೆಗೆ ಸೇವೆ ವಾಪಸ್ ಬಂತು.

ಅದಕ್ಕೇ ನಾನು ‘ಯಾವ ದೇಶದ್ದು’ ಅನ್ನುವುದಕ್ಕಿಂತ ಮುಂಚೆ ಎರಡು ಪ್ರಶ್ನೆ ಕೇಳುತ್ತೇನೆ. ಇದನ್ನು ಯಾರಾದರೂ ಬಿಚ್ಚಿ ನೋಡಬಹುದಾ? ನಾಳೆ ಇದು ನಿಂತರೆ ನನ್ನ ಕೆಲಸ ನಡೆಯುತ್ತಾ?

ಸೆವೆನ್-ಝಿಪ್ ಬರೆದವರು ಇಗೋರ್ ಪಾವ್ಲೊವ್. ರಷ್ಯಾದವರು, ನಿಜ. ಆದರೆ ಅದರ ಕೋಡ್ ಎಲ್ಲರ ಮುಂದೆ ಇದೆ, ಅದು ನೆಟ್ ಇಲ್ಲದೆ ಓಡುತ್ತದೆ. ನಾಳೆ ಏನೇ ಆದರೂ ನನ್ನ ಕಂಪ್ಯೂಟರಿನಲ್ಲಿರುವ ಪ್ರತಿ ಹಾಗೇ ಇರುತ್ತದೆ. ನಾನು ಇಟ್ಟುಕೊಂಡಿದ್ದೇನೆ, ಹುಡುಗನಿಗೂ ಇಟ್ಟುಕೋ ಅಂದೆ. ಒಂದು ಮಾತು ಮಾತ್ರ: ಅದು ತಾನಾಗಿ ಅಪ್‌ಡೇಟ್ ಆಗುವುದಿಲ್ಲ. 24.09ಕ್ಕಿಂತ ಹಳೇದರಲ್ಲಿ ಒಂದು ದೋಷ ಇತ್ತು, ಅದನ್ನೇ ಬಳಸಿ ಉಕ್ರೇನಿನ ಕಚೇರಿಗಳ ಮೇಲೆ ದಾಳಿ ಮಾಡಿದರು. ನಿಮ್ಮದು ಹಳೇದಾಗಿದ್ದರೆ ಇವತ್ತೇ ಹೊಸದು ಹಾಕಿ.

ಆ್ಯಂಟಿವೈರಸ್ ವಿಷಯ ಬೇರೆ. ಅದು ದೇವರ ಮನೆ ತನಕ ಒಳಗೆ ಬರುವ ಆಳು ಇದ್ದ ಹಾಗೆ. ಎಲ್ಲ ಫೈಲ್ ಓದುತ್ತದೆ, ದಿನಾ ತನ್ನ ಊರಿನ ಜೊತೆ ಮಾತಾಡುತ್ತದೆ. ಮಾಸ್ಕೋದ ಕ್ಯಾಸ್ಪರ್‌ಸ್ಕಿಯನ್ನು ಅಮೆರಿಕ 2024ರ ಜೂನ್‌ನಲ್ಲಿ ನಿಷೇಧಿಸಿತು. ಇದರಿಂದ ದೇಶದ ಭದ್ರತೆಗೆ ಅಪಾಯ ಅನ್ನುವ ಆರೋಪವನ್ನು ಕಂಪನಿ ಒಪ್ಪಲಿಲ್ಲ. ಸೆಪ್ಟೆಂಬರ್ 29ರಿಂದ ಅಲ್ಲಿಯವರಿಗೆ ಅಪ್‌ಡೇಟ್ ನಿಂತಿತು. ಅಪ್‌ಡೇಟ್ ಇಲ್ಲದ ಆ್ಯಂಟಿವೈರಸ್ ಇದ್ದೂ ಇಲ್ಲದ ಹಾಗೆ. ಇಂಥ ಕೆಲಸಕ್ಕೆ ಮಾತ್ರ ನಾನು ‘ಯಾವ ದೇಶದ್ದು’ ಅಂತ ಕೇಳುತ್ತೇನೆ, ಅಮೆರಿಕದ್ದಾದರೂ ಕೇಳುತ್ತೇನೆ.

ಈಗ ನೀವು ಮಾಡಬೇಕಾದ್ದು. ಒಂದು ವಹಿ ತಗೊಳ್ಳಿ. ದಿನಾ ಬಳಸುವ ಎಲ್ಲದರ ಹೆಸರು ಬರೆಯಿರಿ: ಇಮೇಲ್, ಫೋಟೊ, ಲೆಕ್ಕ, ಸ್ಕ್ಯಾನ್, ಬ್ಯಾಂಕಿನ ಆ್ಯಪ್, ಟೈಪ್ ಮಾಡುವುದು. ಪಕ್ಕದಲ್ಲಿ ಅದು ನಿಂತರೆ ಬೇರೆ ದಾರಿ ಏನು ಅಂತ ಬರೆಯಿರಿ. ಬರೆಯಲು ಏನೂ ತೋಚದ ಸಾಲಿಗೆ ಕೆಂಪು ಗೆರೆ ಎಳೆಯಿರಿ.

ಆಮೇಲೆ ಒಂದು ಭಾನುವಾರ ಸಂಜೆ ನೆಟ್ ಕೇಬಲ್ ಕಿತ್ತು ಕೂತು ನೋಡಿ. ವೈಫೈ ಇದ್ದರೆ ಆರಿಸಿ. ಎರಡು ತಾಸು ಸಾಕು. ನಾನು ಮೊದಲ ಸಲ ಹೀಗೆ ಮಾಡಿದಾಗ ಒಂದು ಮದುವೆ ಕಾರ್ಡಿನ ಕೆಲಸ ಕೈಯಲ್ಲಿತ್ತು. ಕಾರ್ಡಿನ ಫೈಲ್ ತೆರೆಯಿತು. ಗಣಪತಿಯ ಚಿತ್ರ ಬರಲಿಲ್ಲ, ಅದು ನೆಟ್‌ನಲ್ಲಿತ್ತು. ಹುಡುಗಿಯ ಊರಿನ ಹೆಸರು ನೋಡೋಣ ಅಂದರೆ ಅವರು ಬರೆದುಕೊಟ್ಟ ಚೀಟಿಯ ಫೋಟೊ ಕೂಡ ನೆಟ್‌ನಲ್ಲೇ. ಲೆಕ್ಕದ ಹಾಳೆ ‘ಲಾಗಿನ್ ಆಗಿ’ ಅಂತ ಕೇಳಿತು. ನನ್ನದು ಅಂದುಕೊಂಡ ಕಂಪ್ಯೂಟರಿನಲ್ಲಿ ನನ್ನ ಕೈಗೆ ಸಿಕ್ಕದ್ದು ಅರ್ಧ ಕಾರ್ಡ್. ಅವತ್ತು ಬರೆದುಕೊಂಡ ಪಟ್ಟಿಯೇ ಈ ಬರಹಕ್ಕೆಲ್ಲ ಮೂಲ. ಮತ್ತೇನೂ ಮಾಡದಿದ್ದರೂ ಇದೊಂದು ಮಾಡಿ.

ಪ್ರತಿಗಳ ವಿಷಯ ನನಗೆ ಎಲ್ಲಕ್ಕಿಂತ ಜಾಸ್ತಿ ನೋವು ಕೊಟ್ಟದ್ದು. ಗಲ್ವಾನ್‌ನಲ್ಲಿ ನಮ್ಮ 20 ಸೈನಿಕರು ತೀರಿಕೊಂಡ ಎರಡು ವಾರಕ್ಕೆ, 2020ರ ಜೂನ್ 29ರಂದು, ಕೇಂದ್ರ ಸರ್ಕಾರ ಚೀನಾದ 59 ಆ್ಯಪ್ ನಿಷೇಧಿಸಿತು. ನಾನು ದಿನಾ ಬಳಸುತ್ತಿದ್ದ ಒಂದು ಸ್ಕ್ಯಾನ್ ಆ್ಯಪ್ ಅದರಲ್ಲಿತ್ತು. ನಮ್ಮಪ್ಪ ಕೈಯಲ್ಲಿ ಬರೆದಿಟ್ಟ ತತ್ವಪದದ ವಹಿಯನ್ನು ಅದರಲ್ಲೇ ಸ್ಕ್ಯಾನ್ ಮಾಡಿದ್ದೆ. ವಹಿ ಮಳೆಗಾಲದಲ್ಲಿ ನೆನೆದು ಹೋಗಿತ್ತು. ನಾನು ಫೋನ್ ಬದಲಿಸಿದ್ದೆ. ಪುಟಗಳೆಲ್ಲ ಆ ಆ್ಯಪ್‌ನ ಖಾತೆಯಲ್ಲೇ ಉಳಿದವು, ನನಗೆ ಮತ್ತೆ ಸಿಗಲಿಲ್ಲ. ನಿಷೇಧ ತಪ್ಪು ಅಂತ ನಾನು ಹೇಳುವುದಿಲ್ಲ. ಸೈನಿಕರ ಮನೆಯವರ ಮುಂದೆ ನನ್ನ ವಹಿ ಏನು ದೊಡ್ಡದು. ಆದರೆ ಅಪ್ಪನ ಅಕ್ಷರದ ಒಂದೇ ಪ್ರತಿಯನ್ನು ನಾನು ಬೇರೆಯವರ ಮನೆಯಲ್ಲಿ ಇಟ್ಟಿದ್ದೆ.

ನಮ್ಮೂರಿಗೆ ಇದು ಹೊಸದಲ್ಲ. ಮಹಮೂದ್ ಗಾವಾನನ ಮದರಸಾ 1472ರಲ್ಲಿ ಕಟ್ಟಿದ್ದು, ಒಳಗೆ 3000 ಹಸ್ತಪ್ರತಿ ಇದ್ದವು ಅಂತ ಹೇಳುತ್ತಾರೆ. ಔರಂಗಜೇಬ ಬೀದರ್ ಗೆದ್ದ ಮೇಲೆ ಅಲ್ಲಿ ಮದ್ದುಗುಂಡು ತುಂಬಿಟ್ಟರು. 1696ರಲ್ಲಿ ಅದು ಸಿಡಿದು ಮುಂಭಾಗದ ದೊಡ್ಡ ಪಾಲು ಬಿದ್ದುಹೋಯಿತು. ಈಗ ಒಂದೇ ಮಿನಾರು ನಿಂತಿದೆ. ಅದರ ಪಕ್ಕ ಹೋಗುವಾಗೆಲ್ಲ ನನಗೆ ಬ್ಯಾಕಪ್ ನೆನಪಾಗುತ್ತದೆ.

ಮೂರು ಪ್ರತಿ ಇರಲಿ. ಒಂದು ಕಂಪ್ಯೂಟರಿನಲ್ಲಿ, ಒಂದು ಕಿತ್ತಿಟ್ಟ ಹಾರ್ಡ್ ಡಿಸ್ಕಿನಲ್ಲಿ, ಒಂದು ಬೇರೆ ಊರಿನಲ್ಲಿ. ಗೂಗಲ್‌ನಲ್ಲಿ ಫೋಟೊ ಇದ್ದರೆ ‘ಟೇಕ್‌ಔಟ್’ ಅನ್ನುವ ಪುಟಕ್ಕೆ ಹೋಗಿ ಎಲ್ಲವನ್ನೂ ಕೇಳಿ. ಅವರು ಝಿಪ್ ಮಾಡಿ ಇಮೇಲಿಗೆ ಲಿಂಕ್ ಕಳಿಸುತ್ತಾರೆ. ಆ ಲಿಂಕ್ ಒಂದು ವಾರಕ್ಕೆ ಮುಗಿಯುತ್ತದೆ, ಅದಕ್ಕೇ ಬಂದ ದಿನವೇ ಇಳಿಸಿಕೊಳ್ಳಿ. ಇಳಿಸಿದ ಮೇಲೆ ನಾಲ್ಕು ಫೋಟೊ ತೆರೆದು ನೋಡಿ. ತೆರೆದು ನೋಡದ ಪ್ರತಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ.

ಡಿಸ್ಕ್ ಕಿತ್ತಿಡಿ ಅಂತ ಯಾಕೆ ಒತ್ತಿ ಹೇಳುತ್ತೇನೆ ಗೊತ್ತಾ? 2017ರ ಜೂನ್ 27ರಂದು ಉಕ್ರೇನಿನ ಲೆಕ್ಕದ ಸಾಫ್ಟ್‌ವೇರ್ ಒಂದರ ಅಪ್‌ಡೇಟ್‌ನಲ್ಲಿ ನಾಟ್‌ಪೆಟ್ಯಾ ಅನ್ನುವ ವೈರಸ್ ಸೇರಿಸಿ ಬಿಟ್ಟರು. ಅದು ಗಡಿ ನೋಡಲಿಲ್ಲ. ಡೆನ್ಮಾರ್ಕಿನ ಹಡಗು ಕಂಪನಿ ಮೇರ್ಸ್ಕ್ 45,000 ಕಂಪ್ಯೂಟರ್‌ಗಳಿಗೆ ಮತ್ತೆ ಮೊದಲಿನಿಂದ ಸಾಫ್ಟ್‌ವೇರ್ ಹಾಕಬೇಕಾಯಿತು. ಎಲ್ಲ ಕಡೆ ಅಳಿಸಿಹೋಗಿದ್ದ ಒಂದು ಮುಖ್ಯ ಸರ್ವರ್‌ನ ಪ್ರತಿ ಉಳಿದದ್ದು ಘಾನಾದ ಕಚೇರಿಯಲ್ಲಿ ಮಾತ್ರ. ಯಾಕಂದರೆ ಆ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿತ್ತು! ನಮ್ಮ ಕಡೆಯವರಿಗೆ ಇದು ಬಿಡಿಸಿ ಹೇಳಬೇಕಿಲ್ಲ ಅಲ್ವಾ.

ಹಾಗಾದರೆ ಅಪ್‌ಡೇಟ್ ಬೇಡ ಅಂತೀರಾ? ಬೇಕು. ಅದೇ ವರ್ಷ ಮೇನಲ್ಲಿ ವನ್ನಾಕ್ರೈ ಅನ್ನುವ ವೈರಸ್ ಹರಡಿದಾಗ ಅದಕ್ಕೆ ಮದ್ದು ಮಾರ್ಚಿನಲ್ಲೇ ಬಂದಿತ್ತು. ಹಾಕಿಕೊಳ್ಳದವರು ಕೆಟ್ಟರು. ಅಪ್‌ಡೇಟ್ ಹಾಕಿ, ಡಿಸ್ಕ್ ಕಿತ್ತಿಡಿ. ಎರಡೂ ಮಾಡಿ.

ಫೈಲ್ ಯಾವ ರೂಪದಲ್ಲಿದೆ ಅನ್ನುವುದನ್ನೂ ನೋಡಿಕೊಳ್ಳಿ. ಹಳೆ ನುಡಿ ಫಾಂಟ್‌ನ ಪತ್ರ ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಾಣುತ್ತವೆ. ಅಂಥವನ್ನು ಯಾವ ಕಂಪ್ಯೂಟರಿನಲ್ಲೂ ಕನ್ನಡವಾಗೇ ಕಾಣುವ ಯೂನಿಕೋಡ್‌ಗೆ ಬದಲಿಸಿಡಿ. ಪತ್ರ, ಲೆಕ್ಕ ಎರಡಕ್ಕೂ ಆಗುವ ಲಿಬ್ರೆಆಫೀಸ್ ಹಾಕಿಕೊಳ್ಳಿ, ಅದಕ್ಕೆ ಲಾಗಿನ್ ಬೇಡ.

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಬೆಂಬಲ ಮುಗಿದ ಮೇಲೆ ಅಂಗಡಿಯ ಎರಡು ಹಳೆ ಕಂಪ್ಯೂಟರ್‌ಗೆ ನಾನು ವಿಂಡೋಸ್ ಬದಲಿಗೆ ಓಡುವ ಲಿನಕ್ಸ್ ಮಿಂಟ್ ಹಾಕಿದೆ. ಇಳಿಸಿಕೊಂಡ ಫೈಲ್ ಅಸಲಿಯಾ ಅಂತ ನೋಡುವುದು ಹೀಗೆ. ಪ್ರತಿ ಫೈಲಿಗೂ ಶಾ-256 ಅಂತ 64 ಅಕ್ಷರದ ಗುರುತು ಇರುತ್ತದೆ. ಮಿಂಟ್‌ನವರು ತಮ್ಮ ಗುರುತನ್ನು ತಮ್ಮ ತಾಣದಲ್ಲಿ ಹಾಕಿರುತ್ತಾರೆ. ಸೆವೆನ್-ಝಿಪ್ ಇದ್ದರೆ ಇಳಿಸಿದ ಫೈಲಿನ ಮೇಲೆ ರೈಟ್ ಕ್ಲಿಕ್ ಮಾಡಿ, ಶಾ-256 ಒತ್ತಿ. ಎರಡೂ ಸಾಲು ಅಕ್ಷರಕ್ಕಕ್ಷರ ಹೊಂದಬೇಕು. ಒಂದು ಅಕ್ಷರ ತಪ್ಪಿದರೂ ಅಳಿಸಿಬಿಡಿ. 2016ರ ಫೆಬ್ರವರಿಯಲ್ಲಿ ಮಿಂಟ್‌ನ ತಾಣಕ್ಕೇ ಯಾರೋ ನುಗ್ಗಿ ಕೆಟ್ಟ ಫೈಲಿನ ಕಡೆಗೆ ಲಿಂಕ್ ತಿರುಗಿಸಿದ್ದರು.  ನಮ್ಮಲ್ಲಿ ಬಿದ್ರಿ ಕೆಲಸದವರು ಕೋಟೆಯ ಮಣ್ಣನ್ನು ನಾಲಿಗೆಗೆ ಹಚ್ಚಿ ನೋಡಿಯೇ ತರುತ್ತಾರೆ. ಕೋಟೆಯದೇ ಮಣ್ಣು ಅಂತ ಯಾರೋ ಹೇಳಿದರೆ ಸಾಕಾಗುವುದಿಲ್ಲ.

ಲಿನಕ್ಸ್ ವಿಷಯದಲ್ಲಿ ನನಗೆ ಒಂದು ಬೇಸರ ಇದೆ. 2024ರ ಅಕ್ಟೋಬರಿನಲ್ಲಿ ಅದರ ಕರ್ನೆಲ್, ಅಂದರೆ ತಿರುಳಿನ ಭಾಗ, ನೋಡಿಕೊಳ್ಳುವವರ ಪಟ್ಟಿಯಿಂದ ರಷ್ಯಾದ ಕೆಲವರ ಹೆಸರು ತೆಗೆದರು. ಕಾರಣ ನಿರ್ಬಂಧಗಳು. ಲಿನಕ್ಸ್ ಹುಟ್ಟುಹಾಕಿದ ಲಿನಸ್ ಟೊರ್ವಾಲ್ಡ್ಸ್ ತಾನು ಫಿನ್ಲೆಂಡಿನವನು ಅಂತ ನೆನಪಿಸಿ ಅದನ್ನು ಸಮರ್ಥಿಸಿಕೊಂಡರು. ರಷ್ಯಾದ ಪಕ್ಕದ ಮನೆಯವರ ಭಯ ನನಗೆ ಅರ್ಥವಾಗುತ್ತದೆ. ಆದರೂ ವರ್ಷಗಟ್ಟಲೆ ದುಡಿದವರನ್ನು ಒಂದು ಸಾಲಿನ ಕಾರಣ ಹೇಳಿ ಕಳಿಸಿದ್ದು ಸರಿ ಅನಿಸಲಿಲ್ಲ. ಅವರು ಬರೆದ ಕೋಡ್ ಮಾತ್ರ ಅಲ್ಲೇ ಇದೆ, ನನ್ನ ಅಂಗಡಿಯಲ್ಲೂ ಓಡುತ್ತಿದೆ.

ಇನ್ನು ಬೀಗದ ಕೈ, ಅಂದರೆ ಪಾಸ್‌ವರ್ಡ್, ಓಟಿಪಿ. ಗಾವಾನ್ ಇರಾನಿನ ಗಿಲಾನಿನಿಂದ ಬಂದವನು, ಬಹಮನಿ ಸುಲ್ತಾನನ ವಜೀರ. ಹೊರಗಿನವನು ಅನ್ನುವ ಹೊಟ್ಟೆಕಿಚ್ಚು ದರ್ಬಾರಿನಲ್ಲಿ ಕೆಲವರಿಗೆ. ಅವನ ಮುದ್ರೆ ಕಾಯುವವನನ್ನು ಒಲಿಸಿಕೊಂಡು ಖಾಲಿ ಕಾಗದಕ್ಕೆ ಮುದ್ರೆ ಒತ್ತಿಸಿದರು. ಅದರ ಮೇಲೆ, ದಂಡೆತ್ತಿ ಬಾ ಅಂತ ಒಡಿಶಾದ ರಾಜನಿಗೆ ಪತ್ರ ಬರೆದರು. ಸುಲ್ತಾನ ಮುದ್ರೆ ನೋಡಿದ, ಬರೆದವರು ಯಾರು ಅಂತ ಕೇಳಲಿಲ್ಲ. 1481ರಲ್ಲಿ ಗಾವಾನನ ತಲೆ ಹೋಯಿತು. ಓಟಿಪಿ ಅಂದರೆ ನಿಮ್ಮ ಮುದ್ರೆ. ಯಾರೋ ಫೋನ್ ಮಾಡಿ ಕೇಳಿದಾಗ ಹೇಳಿದರೆ ಖಾಲಿ ಕಾಗದಕ್ಕೆ ಒತ್ತಿದ ಹಾಗೆ. ಇಮೇಲಿಗೆ ಎರಡು ಹಂತದ ಲಾಗಿನ್ ಹಾಕಿ. ಗೂಗಲ್ ಹತ್ತು ಬ್ಯಾಕಪ್ ಕೋಡ್ ಕೊಡುತ್ತದೆ. ಅದನ್ನು ಪ್ರಿಂಟ್ ತೆಗೆದು ಪಾಸ್‌ಪುಸ್ತಕದ ಜೊತೆ ಇಡಿ. ರಿಕವರಿ ಇಮೇಲ್ ಬೇರೆ ಕಂಪನಿಯದ್ದಾಗಿರಲಿ.

ಗಡಿಯಲ್ಲಿ ಬಿಸಿ ಏರಿದಾಗ ಫೋನ್ ಕೈಗೆತ್ತಿಕೊಳ್ಳುವ ಮುಂಚೆ ಸ್ವಲ್ಪ ತಡೆಯಿರಿ. 2025ರ ಮೇನಲ್ಲಿ ಆಪರೇಷನ್ ಸಿಂದೂರ್ ನಡೆದಾಗ ವಿಡಿಯೊ ಗೇಮ್‌ನ ತುಣುಕುಗಳು ನಿಜವಾದ ದಾಳಿ ಅಂತ ಓಡಾಡಿದವು. ಕೇಂದ್ರ ಸರ್ಕಾರದ ಸುದ್ದಿ ಸಂಸ್ಥೆ ಪಿಐಬಿಯ ಫ್ಯಾಕ್ಟ್ ಚೆಕ್ ಅವು ಸುಳ್ಳು ಅಂತ ಹೇಳಿತು. ವಾಟ್ಸಾಪ್‌ನಲ್ಲಿ ಬಂದ ಎಪಿಕೆ (ಆ್ಯಪ್ ಹಾಕುವ) ಫೈಲ್ ಯಾವ ಕಾರಣಕ್ಕೂ ಹಾಕಬೇಡಿ. ನಮ್ಮೂರಲ್ಲಿ ವಾಯುಪಡೆಯ ನೆಲೆ ಇದೆ. ವಿಮಾನ ಹಾರಿತು ಅಂತ ಫೋಟೊ ಹಾಕುವುದೂ ಬೇಡ.

ಅಪ್ಪನ ಪದಗಳು ಅವ್ವನ ಬಾಯಲ್ಲಿ ಇನ್ನೂ ಅರ್ಧಕ್ಕಿಂತ ಜಾಸ್ತಿ ಇವೆ. ಮಧ್ಯಾಹ್ನ ಅಂಗಡಿ ಖಾಲಿ ಇರುವಾಗ ಅವ್ವ ಹಾಡುತ್ತಾಳೆ, ನಾನು ಯೂನಿಕೋಡ್‌ನಲ್ಲಿ ಟೈಪ್ ಮಾಡುತ್ತೇನೆ. ಇಲ್ಲಿಯವರೆಗೆ 41 ಆಗಿವೆ. ಪ್ರತಿ ತಿಂಗಳ ಮೊದಲ ಭಾನುವಾರ ಡಿಸ್ಕನ್ನು ಬಟ್ಟೆಯಲ್ಲಿ ಸುತ್ತಿ ಭಾಲ್ಕಿಯ ನಮ್ಮ ಅಕ್ಕನ ಮನೆಗೆ ಒಯ್ಯುತ್ತೇನೆ. ಅವಳ ಮಗನ ಲ್ಯಾಪ್‌ಟಾಪಿಗೆ ಹಾಕಿ, ನೆಟ್ ಆರಿಸಿ, ಒಂದು ಪದ ತೆರೆದು ಓದುತ್ತೇವೆ. ಅದು ತೆರೆದ ಮೇಲೆಯೇ ಡಿಸ್ಕ್ ಅವರ ಅಲ್ಮಾರಿಗೆ ಹೋಗುವುದು.