62ನೆಯ ಪುಟದ ಟಿಕೆಟ್

ನಮ್ಮ ಕಪಾಟಿನ ‘ದುರ್ಗಾಸ್ತಮಾನ’ದ ಬೆನ್ನು ಕಿತ್ತುಹೋಗಿತ್ತು. ಬೈಂಡಿಂಗಿಗೆ ಕೊಡುವ ಮುನ್ನ ಹಾಳೆಗಳೆಲ್ಲ ಇವೆಯೇ ಎಂದು ಒಂದೊಂದಾಗಿ ಮಗುಚುತ್ತಾ ಹೋದೆ. 28ನೆಯ ಪುಟದಲ್ಲಿ ಒಂದು ಲೋಕಲ್ ರೈಲಿನ ಟಿಕೆಟ್, 41ರಲ್ಲಿ ಔಷಧಿ ಅಂಗಡಿಯ ಬಿಲ್ಲು, 62ರಲ್ಲಿ ಡೊಂಬಿವಲಿಯಿಂದ ದಾದರ್‌ಗೆ ಹೋಗಿಬರುವ ಇನ್ನೊಂದು ಟಿಕೆಟ್. ಅಲ್ಲಿಂದ ಮುಂದೆ ರಟ್ಟಿನವರೆಗೂ ಏನೂ ಇಲ್ಲ. ಈ ಪುಸ್ತಕ ಒಯ್ದವರೆಲ್ಲ ಹಿಂದಿರುಗಿಸುವಾಗ “ಭಾರೀ ಒಳ್ಳೆಯ ಪುಸ್ತಕ, ಅಕ್ಕಾ” ಎಂದೇ ಹೇಳಿದ್ದರು.

ನಾನು ಮುಂಬಯಿಯ ಫೋರ್ಟಿನ ಬ್ಯಾಂಕೊಂದರಲ್ಲಿ ದುಡಿದು ನಿವೃತ್ತಳಾದವಳು. ಭಾನುವಾರ ಬೆಳಿಗ್ಗೆ ಹತ್ತರಿಂದ ಒಂದರವರೆಗೆ ಡೊಂಬಿವಲಿಯ ನಮ್ಮ ಕನ್ನಡಿಗರ ಪುಟ್ಟ ವಾಚನಾಲಯದಲ್ಲಿ ರಿಜಿಸ್ಟರು ಹಿಡಿದು ಕೂರುತ್ತೇನೆ. ಕಬ್ಬಿಣದ ಕಪಾಟು ಎರಡು, ಅದರಲ್ಲಿ ಒಂದರ ಬೀಗ ಮಳೆಗಾಲದಲ್ಲಿ ತೆರೆಯುವುದಿಲ್ಲ. ಐತಿಹಾಸಿಕ ಕಾದಂಬರಿ ನನಗೆ ಮೊದಲಿನಿಂದಲೂ ಹುಚ್ಚು. ಹಾಗಾಗಿ ಯಾರು ಬಂದು “ಏನಾದರೂ ಓದಲು ಕೊಡಿ” ಎಂದರೂ ತ.ರಾ.ಸು. ಅವರ ಆ ದಪ್ಪ ಪುಸ್ತಕವನ್ನೇ ಎತ್ತಿಕೊಡುತ್ತಿದ್ದೆ. 1982ರಲ್ಲಿ ಬಂದ ಕಾದಂಬರಿ. ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬರುವ ಹೊತ್ತಿಗೆ ಬರೆದವರೇ ಇರಲಿಲ್ಲ. 1779ರಲ್ಲಿ ಚಿತ್ರದುರ್ಗ ಹೈದರನ ಪಾಲಾಗುತ್ತದೆ ಎಂಬುದು ತೆರೆಯುವ ಮೊದಲೇ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಮದಕರಿ ನಾಯಕ ಈ ಸಲವಾದರೂ ಉಳಿದುಕೊಂಡಾನು ಎಂದು ಓದಿಸಿಕೊಂಡು ಹೋಗುವ ಬರವಣಿಗೆ ಅದು. ಇಷ್ಟೆಲ್ಲ ಇದ್ದೂ ಜನ 62ರಲ್ಲಿ ಇಳಿದುಹೋಗಿದ್ದರು.

ಯಾಕೆಂದು ನನಗೆ ಹೊಳೆಯಬೇಕಾಗಿತ್ತು. ಇಪ್ಪತ್ತೊಂಬತ್ತು ವರ್ಷ ನಾನೂ ಅದೇ ಗಾಡಿಯಲ್ಲಿ ಹೋಗಿಬಂದವಳಲ್ಲವೇ. ಡೊಂಬಿವಲಿಯಲ್ಲಿ ಹತ್ತಿದವಳಿಗೆ ಪುಣ್ಯವಿದ್ದರೆ ಸಿಗುವುದು ನಾಲ್ಕನೆಯ ಸೀಟು. ಮೂವರ ಬೆಂಚಿನ ಅಂಚಿನಲ್ಲಿ ಅರ್ಧ ಕೂತು, ಅರ್ಧ ಕಾಲಿನ ಮೇಲೆ ನಿಂತ ಹಾಗೆ. ಎದುರಿನವಳ ಮಡಿಲಿನಲ್ಲಿ ಬಟಾಣಿ ಸುಲಿಯುವ ಚೀಲ, ಪಕ್ಕದವಳ ಮೊಣಕೈ ನಮ್ಮ ಪಕ್ಕೆಯಲ್ಲಿ. ಅಲ್ಲಿ ಒಂದು ಕೈಯಲ್ಲಿ ಹಿಡಿದು ಹೆಬ್ಬೆರಳಿನಿಂದ ಹಾಳೆ ತಿರುವಬಹುದಾದ ಪುಸ್ತಕ ಮಾತ್ರ ಓದಿಸಿಕೊಳ್ಳುತ್ತದೆ. ‘ದುರ್ಗಾಸ್ತಮಾನ’ಕ್ಕೆ ಎರಡು ಕೈ ಬೇಕು, ಒಂದು ಮೇಜು ಬೇಕು, ಮಧ್ಯಾಹ್ನ ಬೇಕು.

ಅಂದಿನಿಂದ ನಾನು ಮೊದಲು ಕೇಳುವುದು “ಎಂಥ ಕಥೆ ಇಷ್ಟ?” ಎಂದಲ್ಲ. ಅದಕ್ಕೆ ಎಲ್ಲರೂ “ಒಳ್ಳೆಯದು ಯಾವುದಾದರೂ” ಎನ್ನುತ್ತಾರೆ. “ಯಾವ ಹೊತ್ತಿನಲ್ಲಿ, ಎಲ್ಲಿ ಕೂತು ಓದುತ್ತೀರಿ?” ಎಂದು ಕೇಳುತ್ತೇನೆ.

ಘಾಟ್ಕೋಪರ್‌ನ ಹೋಟೆಲೊಂದರ ಗಲ್ಲೆಯಲ್ಲಿ ಕೂರುವ ಒಬ್ಬರು ಅಣ್ಣ ಬರುತ್ತಾರೆ. ಹುಡುಗನಾಗಿದ್ದಾಗ ಹಗಲು ತಟ್ಟೆ ಎತ್ತಿ, ರಾತ್ರಿ ಫೋರ್ಟಿನ ಕನ್ನಡ ಶಾಲೆಯಲ್ಲಿ ಕಲಿತವರು. ಊಟದ ಗಿರಾಕಿ ಮುಗಿದು ಸಂಜೆಯ ಚಹಾದವರು ಬರುವವರೆಗೆ, ಮೂರರಿಂದ ನಾಲ್ಕೂವರೆ, ಅವರ ಓದಿನ ಹೊತ್ತು. ನಡುವೆ ಪಾರ್ಸೆಲ್‌ನವರು ಬೇರೆ. ಅವರಿಗೆ ‘ಕಂಬನಿಯ ಕುಯಿಲು’ ಕೊಟ್ಟೆ. ಅದೇ ತ.ರಾ.ಸು., ಅದೇ ಚಿತ್ರದುರ್ಗ, ಆದರೆ ಕೈಗೆ ಹಗುರ. ಅದರ ಬೆನ್ನಿಗೆ ‘ರಕ್ತರಾತ್ರಿ’, ಆಮೇಲೆ ‘ತಿರುಗುಬಾಣ’. ಈ ಮೂರನ್ನು ಈ ಅನುಕ್ರಮದಲ್ಲೇ ಓದಬೇಕು ಎಂದು ರಿಜಿಸ್ಟರಿನ ಅಂಚಿನಲ್ಲೂ ಬರೆದಿಟ್ಟಿದ್ದೇನೆ. ಬುಧವಾರ ಮಧ್ಯಾಹ್ನ ಫೋನು ಬಂತು. ಹಿಂದಿನಿಂದ ಪಾತ್ರೆಯ ಸದ್ದು. “ಅಕ್ಕಾ, ಈ ದಳವಾಯಿ ಮುದ್ದಣ್ಣನನ್ನು ಯಾರೂ ಏನೂ ಮಾಡುವುದಿಲ್ಲವೇ?”

“ಭಾನುವಾರ ಬನ್ನಿ, ಮುಂದಿನದು ಕೊಡುತ್ತೇನೆ” ಎಂದೆ.

ಮೂರೂ ಮುಗಿಸಿದ ಮೇಲೆ ಅವರಾಗಿಯೇ ‘ದುರ್ಗಾಸ್ತಮಾನ’ ಕೇಳಿ ಒಯ್ದರು. ಅಷ್ಟು ಹೊತ್ತಿಗೆ ಅವರಿಗೆ ಕೋಟೆಯ ಬಾಗಿಲುಗಳು, ದಳವಾಯಿಗಳು, ಪಾಳೆಯಗಾರರ ಒಳಜಗಳ ಎಲ್ಲ ನಮ್ಮ ನೆರೆಕರೆಯ ಸುದ್ದಿಯಂತಾಗಿತ್ತು.

ಎರಡನೆಯದಾಗಿ ಊರು ಕೇಳುತ್ತೇನೆ. ಮುಂಬಯಿಯಲ್ಲಿ ಕನ್ನಡದವರು ಎದುರಾದರೆ ಹೇಗೂ ಮೊದಲ ಪ್ರಶ್ನೆ ಅದೇ. ನಾನು ಅದನ್ನು ಪುಸ್ತಕದ ಕಡೆಗೆ ತಿರುಗಿಸಿಕೊಂಡೆ ಅಷ್ಟೆ. ಮಂಗಳೂರು ಕಡೆಯ, ಮನೆಯಲ್ಲಿ ಕೊಂಕಣಿ ಮಾತನಾಡುವ ನಿವೃತ್ತ ಶಿಕ್ಷಕಿಯೊಬ್ಬರು ಎರಡು ವರ್ಷಕ್ಕೊಮ್ಮೆ ಗೋವೆಯ ಮಾರ್ದೋಳಕ್ಕೆ ಹೋಗಿ ಮಹಾಲಸೆಗೆ ಹಣ್ಣುಕಾಯಿ ಮಾಡಿಸಿ ಬರುತ್ತಾರೆ. ನಮ್ಮ ಕುಲದೇವರು ಅಷ್ಟು ದೂರ ಯಾಕೆ ಕೂತಿದ್ದಾಳೆ ಎಂದು ಅವರಿಗೆ ಸಣ್ಣಂದಿನಲ್ಲಿ ಯಾರೂ ಹೇಳಿರಲಿಲ್ಲ. ಅವರಿಗೆ ಗೋಪಾಲಕೃಷ್ಣ ಪೈ ಅವರ ‘ಸ್ವಪ್ನ ಸಾರಸ್ವತ’ ಕೊಟ್ಟೆ. ಪೋರ್ಚುಗೀಸರ ಕಾಟಕ್ಕೆ ಗೋವೆ ಬಿಟ್ಟು ತೆಂಕಣಕ್ಕೆ ಬಂದ ಸಾರಸ್ವತರ ಕಥೆ, 2011ರ ಅಕಾಡೆಮಿ ಪ್ರಶಸ್ತಿ ಪಡೆದದ್ದು. ಕೊಡುವಾಗ ಒಂದು ಎಚ್ಚರ ವಹಿಸಿದೆ. ತಲೆಮಾರುಗಳು ಬೆಳೆದಂತೆ ಅದೇ ಅದೇ ಹೆಸರು ಬಂದು ಯಾರು ಯಾರ ಮಗ ಎಂದು ತಲೆ ಕೆಡುತ್ತದೆ. ನಾನು ಓದುವಾಗ ಹಳೆಯ ಕ್ಯಾಲೆಂಡರಿನ ಬೆನ್ನಿನಲ್ಲಿ ಬರೆದುಕೊಂಡಿದ್ದ ವಂಶದ ಪಟ್ಟಿಯನ್ನೇ ಮಡಚಿ ಒಳಗಿಟ್ಟೆ. ಎರಡು ತಿಂಗಳ ಮೇಲೆ ಪುಸ್ತಕ ಬಂತು. ನನ್ನ ಪಟ್ಟಿಯಲ್ಲಿ ಎರಡು ತಪ್ಪು ತಿದ್ದಿದ್ದರು. ಮುಂದಿನ ಸಲ ಮಾರ್ದೋಳಕ್ಕೆ ಹೋದಾಗ, ದೇವಿ ಮೊದಲಿದ್ದ ವೇರ್ಣೆಗೂ ರಿಕ್ಷಾ ಮಾಡಿಕೊಂಡು ಹೋಗಿ ಬಂದರಂತೆ.

ಅವರ ಮಗನಿಗೆ ವಂಶ, ಕುಲದೇವರು ಯಾವುದೂ ಬೇಡ. ಅವನಿಗೆ ವಸುಧೇಂದ್ರರ ‘ತೇಜೋ ತುಂಗಭದ್ರಾ’ ಹಿಡಿಯಿತು. ಲಿಸ್ಬನ್ನಿನ ನದಿಯೊಂದು ಕಡೆ, ನಮ್ಮ ತುಂಗಭದ್ರೆ ಇನ್ನೊಂದು ಕಡೆ, ನಡುವೆ 1510ರಲ್ಲಿ ಅಲ್ಬುಕರ್ಕ್ ಗೆದ್ದ ಗೋವೆ. ಹಡಗಿನ ಭಾಗಗಳನ್ನು ಓದಿದ ರಾತ್ರಿ ಊಟ ಸೇರಲಿಲ್ಲ ಎಂದ. ಅದೂ ಮೆಚ್ಚುಗೆಯೇ.

ತಪ್ಪು ಹೆಜ್ಜೆಯೂ ಇಟ್ಟಿದ್ದೇನೆ. ಸೊಲ್ಲಾಪುರದಿಂದ ಬಂದ ಒಬ್ಬ ಯುವಕ ಬಸವಣ್ಣನವರ ಕಾಲದ್ದು ಬೇಕು ಎಂದಾಗ, ಪ್ರಶಸ್ತಿ ಪಡೆದದ್ದಲ್ಲವೇ ಎಂದು ಬಿ. ಪುಟ್ಟಸ್ವಾಮಯ್ಯನವರ ‘ಕ್ರಾಂತಿ ಕಲ್ಯಾಣ’ವನ್ನು ಕೊಟ್ಟುಬಿಟ್ಟೆ. ಅದು ಆರು ಕಾದಂಬರಿಗಳ ಮಾಲೆಯಲ್ಲಿ ಕೊನೆಯದು. “ಮದುವೆಗೆಂದು ಹೋದರೆ ಚಪ್ಪರ ಬಿಚ್ಚುತ್ತಿದ್ದರು, ಅಕ್ಕಾ” ಎಂದ. ಮೊದಲನೆಯದಾದ ‘ಉದಯರವಿ’ ನಮ್ಮ ಕಪಾಟಿನಲ್ಲಿ ಇರಲೇ ಇಲ್ಲ. ಮಾಲೆಯ ಪುಸ್ತಕವಾದರೆ ಮೊದಲನೆಯದು ಕೈಯಲ್ಲಿ ಇಲ್ಲದೆ ಹೆಸರೆತ್ತಬಾರದು ಎಂದು ಅವತ್ತು ಕಲಿತೆ.

ರಾಜರೆಂದರೆ ಆಕಳಿಸುವವರಿಗೆ ನಿರಂಜನರ ‘ಚಿರಸ್ಮರಣೆ’ ಇಟ್ಟುಕೊಂಡಿದ್ದೇನೆ. ಕಯ್ಯೂರಿನ ರೈತರ ಹೋರಾಟ, 1943ರಲ್ಲಿ ಗಲ್ಲಿಗೇರಿದ ನಾಲ್ವರು. ಕಾಸರಗೋಡಿನ ಕಡೆಯವರಂತೂ ತಮ್ಮ ಅಜ್ಜನ ಮಾತಿನ ಜೊತೆ ಹೋಲಿಸಿ ನೋಡಿ ಬರುತ್ತಾರೆ.

ನಮ್ಮ ಮಹಡಿಯ ಎದುರು ಮನೆಯ ಮರಾಠಿ ವಹಿನಿಗೂ ನನಗೂ ಇದೇ ವಿಷಯಕ್ಕೆ ಸ್ನೇಹ, ಇದೇ ವಿಷಯಕ್ಕೆ ಜಗಳ. ಅವರು ನನಗೆ ರಣಜಿತ್ ದೇಸಾಯಿಯವರ ‘ಸ್ವಾಮಿ’ ಓದಿಸಿದರು. ಮಾಧವರಾವ್ ಪೇಶ್ವೆಯ ಕಥೆ. ಪಾಣಿಪತದಲ್ಲಿ ಸೋತ ರಾಜ್ಯವನ್ನು ಎತ್ತಿ ನಿಲ್ಲಿಸಿ 1772ರಲ್ಲಿ ಥೇವೂರಿನಲ್ಲಿ ತೀರಿಕೊಂಡ ಹುಡುಗ. ಕೊನೆಗೆ ರಮಾಬಾಯಿ ಸತಿ ಹೋಗುವಲ್ಲಿ ನಾನು ಕಣ್ಣೊರೆಸಿಕೊಂಡದ್ದು ನಿಜ. ಆದರೆ ದುರ್ಗದ ಕಡೆಯಿಂದ ಓದಿಕೊಂಡು ಬಂದವಳಿಗೆ ಪೇಶ್ವೆಯ ದಂಡು ಎಂದರೆ ದಕ್ಷಿಣಕ್ಕೆ ಕಪ್ಪ ವಸೂಲಿಗೆ ಬರುವ ಕುದುರೆಗಳ ಧೂಳು. ಮರಾಠಿ ಬಲ್ಲವರಿಗೆ ಈಗ ‘ಸ್ವಾಮಿ’, ‘ದುರ್ಗಾಸ್ತಮಾನ’ ಎರಡನ್ನೂ ಜೋಡಿಯಾಗಿ ಕೊಡುತ್ತೇನೆ. ಇದು ಹೊಸ ದಾರಿಯೇನಲ್ಲ. ನೂರು ವರ್ಷದ ಹಿಂದೆಯೇ ಗಳಗನಾಥರು ಹರಿ ನಾರಾಯಣ ಆಪಟೆಯವರ ಮರಾಠಿ ಕಾದಂಬರಿಗಳನ್ನು ಕನ್ನಡಕ್ಕೆ ತಂದು, ಪುಸ್ತಕದ ಹೊರೆ ಹೊತ್ತು ಊರೂರು ತಿರುಗಿ ಮಾರಿದ್ದರು. ನಾನಾದರೋ ಫ್ಯಾನಿನ ಕೆಳಗೆ ಕೂತು ಕೊಡುವವಳು.

ಊರು ಕೇಳಿ ಕೊಟ್ಟರೆ ಎಲ್ಲವೂ ಕೂಡಿಬರುತ್ತದೆ ಎಂಬ ನನ್ನ ಜಂಬ ಇಳಿಸಿದವರು ಕೊಡಗಿನವರೊಬ್ಬರು. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ಕೊಟ್ಟೆ. ಮರಳಿ ಬಂದ ಪ್ರತಿಯ ಅಂಚುಗಳ ತುಂಬ ಪೆನ್ಸಿಲ್. “ನಮ್ಮ ಅರಸ ಇಷ್ಟು ಕುಡುಕನೇ?”, “ಇಂಗ್ಲಿಷರ ಕಾಗದ ನಂಬಿ ಬರೆದದ್ದು”, ಅರಸನ ಆಪ್ತ ಕುಂಟ ಬಸವ ಬಂದಲ್ಲೆಲ್ಲ ಒಂದು ಅಡ್ಡಗೆರೆ. 1834ರಲ್ಲಿ ಪಟ್ಟ ಕಳೆದುಕೊಂಡದ್ದು, ಕಾಶಿಯಲ್ಲಿ ಇಟ್ಟದ್ದು, ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋಗಿ 1859ರಲ್ಲಿ ಲಂಡನ್ನಿನಲ್ಲೇ ಸತ್ತದ್ದು ಚರಿತ್ರೆ. ಅಂತಃಪುರದಲ್ಲಿ ರಾತ್ರಿ ಆಡಿದ ಮಾತು ಮಾಸ್ತಿಯವರದ್ದು, ಎಂದು ಸಮಾಧಾನ ಹೇಳಲು ಹೋದೆ. “ಓದುವವರಿಗೆ ಆ ಗೆರೆ ಕಾಣುತ್ತದೆಯೇ?” ಎಂದರು. ಉತ್ತರ ತೋಚಲಿಲ್ಲ. ಈಗ ಯಾವ ಐತಿಹಾಸಿಕ ಕಾದಂಬರಿ ಕೊಟ್ಟರೂ ಒಂದು ಚೀಟಿಯಲ್ಲಿ ನನಗೆ ಖಚಿತವಾಗಿ ಗೊತ್ತಿರುವ ನಾಲ್ಕೈದು ಇಸವಿ ಬರೆದು ಒಳಗಿಡುತ್ತೇನೆ.

ಪೆನ್ಸಿಲ್ ಗುರುತನ್ನು ಅಳಿಸೋಣವೆಂದು ರಬ್ಬರು ತಂದಿದ್ದೆ. ಅಷ್ಟರಲ್ಲಿ ಠಾಣೆಯ ಒಬ್ಬ ಹುಡುಗಿ ಅದೇ ಪ್ರತಿ ಒಯ್ದಳು. ತಿರುಗಿ ಬಂದಾಗ “ಅರಸನ ಕುಡಿತ ಬಿಡಿ, ರಾಣಿಯ ಪಾಡು ನೋಡಿ” ಎಂದು ಅವಳ ನೀಲಿ ಶಾಯಿ ಕೆಳಗೆ ಉತ್ತರ ಕೊಟ್ಟಿತ್ತು. ಮೂರನೆಯವರು ಇಬ್ಬರಿಗೂ ಸೇರಿ ಬರೆದರು. ದಾನವಾಗಿ ಬಂದ ಹೊಸ ಪ್ರತಿ ಒಂದಿದೆ, ಹೊದಿಕೆ ಹಾಕಿ ಇಟ್ಟಿದ್ದೇನೆ. ಅದನ್ನು ಯಾರೂ ಕೇಳುವುದಿಲ್ಲ. “ಆ ಬರೆದದ್ದು ಇದೆಯಲ್ಲ, ಅದು ಕೊಡಿ” ಎನ್ನುತ್ತಾರೆ.