ಕೆನಡಾದ ಬಡತನದ ಗೆರೆ, ಊರಿಗೆ ಕಳಿಸೋ ದುಡ್ಡು

ಟೊರೊಂಟೊ, ಬ್ರಾಂಪ್ಟನ್, ಮಿಸ್ಸಿಸಾಗಾ ಕಡೆ ಹೊಸದಾಗಿ ಬಂದಿರೋ ನಮ್ಮವರಿಗೆ ಇದು. ಸಿನ್ ನಂಬರ್ (ಕೆಲಸಕ್ಕೆ, ಟ್ಯಾಕ್ಸ್‌ಗೆ ಬೇಕಾಗೋ ಸರ್ಕಾರಿ ನಂಬರ್), ಬ್ಯಾಂಕ್ ಅಕೌಂಟ್, ಹೆಲ್ತ್ ಕಾರ್ಡ್ ಬೇಗ ಮಾಡಿಸ್ಕೊಳಿ, ಅದರ ಬಗ್ಗೆ ಎಲ್ರೂ ಹೇಳ್ತಾರೆ. ಇಲ್ಲಿ ನಮ್ಮವರ ಮನೆಗಳಲ್ಲೂ ಬಡತನ ಇದೆ ಅನ್ನೋದನ್ನ ಮಾತ್ರ ಯಾರೂ ಬಾಯಿಬಿಟ್ಟು ಹೇಳಲ್ಲ, ಯಾಕಂದ್ರೆ ಫಾರಿನ್‌ಗೆ ಹೋದೋರು ಚೆನ್ನಾಗೇ ಇರ್ತಾರೆ ಅಂತ ಊರಲ್ಲಿ ತೀರ್ಮಾನ ಆಗಿಬಿಟ್ಟಿರುತ್ತೆ.

ಬಡತನ ಅಂದ್ರೆ ನಮಗೆ ಬಿಪಿಎಲ್ ಕಾರ್ಡು, ನ್ಯಾಯಬೆಲೆ ಅಂಗಡಿ. ಇಲ್ಲಿ ಅಂಥ ಕಾರ್ಡಿಲ್ಲ. 2018ರಲ್ಲಿ ಸರ್ಕಾರ ಮಾರ್ಕೆಟ್ ಬಾಸ್ಕೆಟ್ ಮೆಷರ್ ಅನ್ನೋ ಲೆಕ್ಕವನ್ನ ಅಧಿಕೃತ ಬಡತನದ ಗೆರೆ ಅಂತ ಒಪ್ಕೊಂಡು 2019ರಲ್ಲಿ ಕಾನೂನೂ ಮಾಡ್ತು. ಅಪ್ಪ, ಅಮ್ಮ, 9 ವರ್ಷದ ಮಗಳು, 13 ವರ್ಷದ ಮಗ ಇರೋ ಒಂದು ಸಂಸಾರಕ್ಕೆ ಅವರಿರೋ ಊರಲ್ಲಿ ಬಾಡಿಗೆ, ಪೌಷ್ಟಿಕ ಊಟ, ಬಟ್ಟೆ, ಓಡಾಟ, ಫೋನು ಎಲ್ಲಾ ಸೇರಿ ಎಷ್ಟು ಬೇಕು ಅಂತ ಲೆಕ್ಕ ಹಾಕ್ತಾರೆ, ಟ್ಯಾಕ್ಸು ಡೇಕೇರು ಕಳೆದು ಕೈಗೆ ಉಳಿಯೋ ದುಡ್ಡು ಅದಕ್ಕಿಂತ ಕಮ್ಮಿ ಇದ್ರೆ ಆ ಮನೆ ಗೆರೆ ಕೆಳಗೆ. 2015ರಲ್ಲಿ ದೇಶದ 14.5% ಜನ ಹಾಗಿದ್ರು, ಕೋವಿಡ್ ಟೈಮಲ್ಲಿ ಸರ್ಕಾರ ನೇರವಾಗಿ ದುಡ್ಡು ಕೊಟ್ಟಿದ್ದಕ್ಕೆ 2020ರಲ್ಲಿ 6.4%ಕ್ಕೆ ಇಳೀತು, ಆಮೇಲೆ ಆ ನೆರವು ನಿಂತು ಬಾಡಿಗೆ ದಿನಸಿ ಏರಿ 2023ಕ್ಕೆ ಮತ್ತೆ 10.2% ಆಯ್ತು. ಅಂದ್ರೆ ದುಡ್ಡು ಕೊಟ್ಟಾಗ ಬಡತನ ಇಳಿಯುತ್ತೆ, ಅದನ್ನ ಇದೇ ದೇಶ ಮಾಡಿ ತೋರಿಸಿದೆ, ಹಾಗಾಗಿ ಬಡವರು ಸೋಮಾರಿಗಳು ಅಂತ ನಮ್ಮವರೇ ಯಾರಾದ್ರೂ ಅಂದಾಗ ನಂಗೆ ನಿಜವಾಗ್ಲೂ ಸಿಟ್ಟು ಬರುತ್ತೆ.

ಈ ಲೆಕ್ಕದಲ್ಲಿ ನಮ್ಮಂಥೋರ ಒಂದು ವಿಷ್ಯ ಬಿಟ್ಟೇಹೋಗಿದೆ. ಊರಿಗೆ ಕಳಿಸೋ ದುಡ್ಡನ್ನ ಅವರು ಕಳೆಯಲ್ಲ. ಹಾಸನದಲ್ಲಿರೋ ಅಮ್ಮನ ಔಷಧಿ, ತಂಗಿ ಫೀಸು, ಜಮೀನು ಅಡ ಇಟ್ಟು ತಗೊಂಡ ಸಾಲದ ಕಂತು ಇವೆಲ್ಲ ಹೋದ್ಮೇಲೆ ಬೇಸ್ಮೆಂಟ್ ಮನೇಲಿ ಹಾಲು, ತರಕಾರಿ ಕಮ್ಮಿ ಮಾಡ್ಕೊಂಡು ಬದುಕೋ ಸಂಸಾರ ಕಾಗದದ ಮೇಲೆ ಗೆರೆ ಮೇಲಿರುತ್ತೆ. ಕಳಿಸೋದು ಬಿಡಿ ಅಂತ ನಾನು ಯಾರಿಗೂ ಹೇಳಲ್ಲ, ಅದು ಬಿಡೋ ಮಾತೂ ಅಲ್ಲ. ಆದ್ರೆ ಇಲ್ಲಿನ ಬಾಡಿಗೆ, ಬಸ್ ಪಾಸು, ಮಕ್ಕಳ ಚಳಿಗಾಲದ ಬೂಟು ಎಷ್ಟಾಗುತ್ತೆ ಅಂತ ಮನೆಯವರಿಗೆ ಬಿಡಿಸಿ ಹೇಳಿ. ಮರ್ಯಾದೆಗೆ ಅಂತ ಮುಚ್ಚಿಟ್ಟಷ್ಟೂ ಅವರ ನಿರೀಕ್ಷೆ ಬೆಳೆಯುತ್ತೆ, ನಿಮ್ಮ ಮಕ್ಕಳ ತಟ್ಟೆ ಖಾಲಿಯಾಗುತ್ತೆ.

ಆದಾಯ ಸೊನ್ನೆ ಇದ್ರೂ ಏಪ್ರಿಲ್ 30ರೊಳಗೆ ಟ್ಯಾಕ್ಸ್ ರಿಟರ್ನ್ ಹಾಕಿ, ಗಂಡ ಹೆಂಡ್ತಿ ಇಬ್ರೂ. ಆದಾಯ ಕಮ್ಮಿ ಇದ್ರೆ ವಾಲಂಟಿಯರ್‌ಗಳು ಫ್ರೀಯಾಗಿ ಮಾಡಿಕೊಡೋ ಟ್ಯಾಕ್ಸ್ ಕ್ಲಿನಿಕ್‌ಗಳಿವೆ. 2016ರಲ್ಲಿ ಶುರುವಾದ ಕೆನಡಾ ಚೈಲ್ಡ್ ಬೆನಿಫಿಟ್, ಅಂದ್ರೆ ಮಕ್ಕಳಿರೋ ಮನೆಗೆ ಸರ್ಕಾರ ತಿಂಗಳು ತಿಂಗಳು ಕೊಡೋ ದುಡ್ಡು, ಬರೋದು ಆ ರಿಟರ್ನ್ ನೋಡ್ಕೊಂಡೇ. ಪಿಆರ್ (ಕಾಯಂ ಆಗಿ ಇರೋ ಹಕ್ಕು) ಇರೋರು ಬಂದ ಕೂಡ್ಲೇ ಅರ್ಜಿ ಹಾಕ್ಬಹುದು, ವರ್ಕ್ ಪರ್ಮಿಟ್ ಸ್ಟಡಿ ಪರ್ಮಿಟ್ ಇರೋರು 18 ತಿಂಗಳು ಇಲ್ಲಿದ್ದು 19ನೇ ತಿಂಗಳಲ್ಲೂ ಪರ್ಮಿಟ್ ಚಾಲ್ತಿಯಲ್ಲಿ ಇರ್ಬೇಕು. ಈ ಮಕ್ಕಳ ದುಡ್ಡು ತಗೊಂಡ್ರೆ ಮುಂದೆ ಅಪ್ಪ ಅಮ್ಮನ್ನ ಸ್ಪಾನ್ಸರ್ ಮಾಡಿ ಇಲ್ಲಿಗೆ ಕರೆಸ್ಕೊಳೋಕಾಗಲ್ಲ ಅಂತ ಹೆದರಿ ಬಿಟ್ಟುಬಿಡ್ತಾರೆ, ಅದು ತಪ್ಪು. ಆ ತೊಡಕು ಇರೋದು ಒಂಟಾರಿಯೋ ವರ್ಕ್ಸ್ ಥರದ ಸೋಶಿಯಲ್ ಅಸಿಸ್ಟೆನ್ಸ್‌ಗೆ (ಜೀವನ ನಡೆಸೋಕೆ ಪ್ರಾಂತ್ಯ ಸರ್ಕಾರ ಕೊಡೋ ನೆರವು), ಮಕ್ಕಳ ದುಡ್ಡಿಗಲ್ಲ.

ಊಟಕ್ಕೇ ಕಷ್ಟ ಬಂದ್ರೆ 211 ಸಹಾಯವಾಣಿಗೆ ಫೋನ್ ಮಾಡಿ, ಫ್ರೀಯಾಗಿ ದಿನಸಿ ಕೊಡೋ ಹತ್ರದ ಫುಡ್ ಬ್ಯಾಂಕ್ ಯಾವ್ದು ಅಂತ ಹೇಳ್ತಾರೆ. ಕೆಲವು ಕಡೆ ಇಂಟರ್‌ನ್ಯಾಷನಲ್ ಸ್ಟೂಡೆಂಟ್‌ಗಳಿಗೆ ಕೊಡಲ್ಲ, ಮೊದಲೇ ಕೇಳ್ಕೊಂಡು ಹೋಗಿ. ಮಕ್ಕಳ ಸ್ಕೂಲಲ್ಲಿ ಬೆಳಗ್ಗೆ ತಿಂಡಿ ಕೊಡ್ತಿದ್ರೆ ತಿನ್ನೋಕೆ ಬಿಡಿ, ಬೇಡ ಅಂತ ಹೇಳಿಕೊಟ್ಟು ಕಳಿಸ್ಬೇಡಿ. ನಾಚಿಕೆನ ಮಕ್ಕಳು ನಮ್ಮಿಂದಾನೇ ಕಲಿಯೋದು.

ಇಲ್ಲಿನ ಕನ್ನಡ ಸಂಘಗಳನ್ನ ನಡೆಸೋ ಹಳಬರಿಗೂ ಒಂದು ಮಾತು. ರಾಜ್ಯೋತ್ಸವಕ್ಕೆ ನಾಲ್ಕು ಜನರ ಟಿಕೆಟ್ ತಗೋಳೋಕಾಗದೆ "ಅವತ್ತು ಶಿಫ್ಟ್ ಇದೆ" ಅನ್ನೋ ಮನೆಗಳಿವೆ, ಆ ಮಕ್ಕಳಿಗೆ ಕನ್ನಡ ಕಿವಿಗೆ ಬೀಳೋ ಇದ್ದೊಂದು ಜಾಗಾನೂ ತಪ್ಪಿಹೋಗುತ್ತೆ. ಸ್ವಲ್ಪ ಸೀಟು ತೆಗೆದಿಟ್ಟು, ಸಂಬಳ ಎಷ್ಟು ಅಂತ ಕೇಳದೆ, ನೀವೇ ಫೋನ್ ಮಾಡಿ ಕರೀರಿ.